ಬಿಟ್ಟುಕೊಡುವುದಕ್ಕೂ ಒಂದು ಮರ್ಯಾದೆ ಇದೆ

2024ರ ದೀಪಾವಳಿ ಕಳೆದ ಭಾನುವಾರ. ಹೊನ್ನಾಳಿ ಕಡೆಯ ನೆಂಟರ ಮನೆಗೆ ಹೋಗಿದ್ದೆ. ಬೆಳಗಿನ ಬಲಿಪೂಜೆ ಮುಗಿದು ಜನರು ದೇವಾಲಯದ ಅಂಗಳದಲ್ಲಿ ಅಲ್ಲಲ್ಲಿ ಗುಂಪಾಗಿ ನಿಂತು ಕುಶಲ ವಿಚಾರಿಸಿಕೊಳ್ಳುತ್ತಿದ್ದರು. ಯುವಕರ ಗುಂಪಿನಲ್ಲಿ ಮಾತ್ರ ವಾದ ಜೋರಾಗಿತ್ತು. ಮೂರು ದಿನಗಳ ಹಿಂದೆ, ಅಕ್ಟೋಬರ್ 31ರಂದು, ಐಪಿಎಲ್ ತಂಡಗಳು ತಾವು ಉಳಿಸಿಕೊಳ್ಳುವ ಆಟಗಾರರ ಪಟ್ಟಿಯನ್ನು ಪ್ರಕಟಿಸಿದ್ದವು. ನಮ್ಮ ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡದ ಪಟ್ಟಿಯಲ್ಲಿ ಇದ್ದದ್ದು ಮೂರೇ ಹೆಸರು: ವಿರಾಟ್ ಕೊಹ್ಲಿ, ರಜತ್ ಪಾಟೀದಾರ್, ಯಶ್ ದಯಾಳ್. 2018ರಿಂದ ಏಳು ಋತುಗಳ ಕಾಲ ಅದೇ ತಂಡಕ್ಕಾಗಿ ಬೌಲಿಂಗ್ ಮಾಡಿದ್ದ ಮೊಹಮ್ಮದ್ ಸಿರಾಜ್ ಅವರ ಹೆಸರು ಅಲ್ಲಿರಲಿಲ್ಲ.

ಪಿಯುಸಿ ಓದುವ ಹುಡುಗನೊಬ್ಬ ಬೆನ್ನ ಮೇಲೆ ಸಿರಾಜ್ ಎಂದು ಬರೆಸಿದ್ದ ಅಂಗಿ ತೊಟ್ಟು ಬಂದಿದ್ದ. ಉಳಿದವರೆಲ್ಲ ಅವನನ್ನು ಛೇಡಿಸುತ್ತಿದ್ದರು. ಅವರಲ್ಲಿ ಹಿರಿಯನೆನ್ನಬಹುದಾದ ಒಬ್ಬ ನನ್ನತ್ತ ತಿರುಗಿ ಹೇಳಿದ: “ಏನ್ ಮಾಡಾದು ಅಣ್ಣ, ಬಿಸಿನೆಸ್ ಅಂದ್ಮೇಲೆ ಇದೆಲ್ಲ ಇದ್ದಿದ್ದೇ. ಸೆಂಟಿಮೆಂಟ್ ನೋಡ್ಕಂಡು ಕುಂತ್ರೆ ಕಪ್ ಬರ್ತತಾ?” ಅಂಗಿ ತೊಟ್ಟ ಹುಡುಗ ಏನೂ ಹೇಳಲಿಲ್ಲ. ನಾನೂ ಏನೂ ಹೇಳಲಿಲ್ಲ. ಅಂದು ಹೇಳದೆ ಉಳಿದುದನ್ನು ಇಂದು ಬರೆಯುತ್ತಿದ್ದೇನೆ.

“ಇದು ಬಿಸಿನೆಸ್” ಎಂಬ ಈ ಮಾತು ಈಗ ನಮ್ಮ ಹಳ್ಳಿಹಳ್ಳಿಗಳಲ್ಲೂ ಗಾದೆಯಷ್ಟೇ ಸಲೀಸಾಗಿ ಓಡಾಡುತ್ತಿದೆ. ಕೇಳಲು ಅದು ಬುದ್ಧಿವಂತರ ಮಾತಿನಂತಿದೆ. ಆದರೆ ಅದು ಅರ್ಧ ಸತ್ಯ ಮಾತ್ರ. ಅರ್ಧ ಸತ್ಯವು ಪೂರ್ಣ ಸುಳ್ಳಿಗಿಂತ ಹೆಚ್ಚು ಕೆಡುಕು ಮಾಡಬಲ್ಲದು ಎಂಬ ಕಾರಣಕ್ಕೇ ಅದನ್ನು ಎದುರಿಸಬೇಕಾಗಿದೆ.

ಅದರಲ್ಲಿರುವ ಸತ್ಯವನ್ನು ಮೊದಲು ಒಪ್ಪಿಕೊಳ್ಳೋಣ. ಯಾವ ಆಟಗಾರನೂ ಶಾಶ್ವತನಲ್ಲ. ಕಾಲು ಸೋಲುತ್ತದೆ, ಕಣ್ಣು ಮಂಜಾಗುತ್ತದೆ, ಹಿಂದೆ ಸರದಿ ಕಾಯುತ್ತಿರುವ ಹುಡುಗನಿಗೂ ಒಂದು ಜಾಗ ಬೇಕಾಗುತ್ತದೆ. ಕೆಲವೊಮ್ಮೆ ನಿಯಮವೇ ಕೈ ಕಟ್ಟಿಹಾಕುತ್ತದೆ. ಐಪಿಎಲ್‌ನಲ್ಲಿ 2011, 2014, 2018, 2022 ಮತ್ತು 2025ರ ಋತುಗಳಿಗೆ ಮುನ್ನ ದೊಡ್ಡ ಹರಾಜುಗಳು ನಡೆದಿವೆ. ಅಂಥ ಪ್ರತಿ ಹರಾಜಿಗೂ ಮುನ್ನ ತಂಡಗಳು ಬೆರಳೆಣಿಕೆಯ ಆಟಗಾರರನ್ನು ಮಾತ್ರ ಉಳಿಸಿಕೊಂಡು ಉಳಿದವರನ್ನು ಬಿಟ್ಟುಕೊಡಲೇಬೇಕು. ಫುಟ್‌ಬಾಲಿನಲ್ಲೂ ಇಂಥದ್ದು ಉಂಟು. 2013ರಲ್ಲಿ ಆರಂಭವಾದ ಬೆಂಗಳೂರು ಎಫ್‌ಸಿ ತಂಡವು ನಾಲ್ಕು ವರ್ಷಗಳಲ್ಲಿ ಎರಡು ಬಾರಿ ಐ-ಲೀಗ್ ಗೆದ್ದು, 2016ರಲ್ಲಿ ಎಎಫ್‌ಸಿ ಕಪ್ಪಿನ ಫೈನಲ್ ತಲುಪಿತ್ತು. ಅದೇ ತಂಡ 2017ರಲ್ಲಿ ಇಂಡಿಯನ್ ಸೂಪರ್ ಲೀಗ್ ಸೇರಿದಾಗ, ಹೊಸ ನಿಯಮದಂತೆ ಕೆಲವೇ ಭಾರತೀಯ ಆಟಗಾರರನ್ನು ಉಳಿಸಿಕೊಳ್ಳಲು ಸಾಧ್ಯವಾಯಿತು. ರಿನೋ ಆ್ಯಂಟೊ ಕೇರಳಕ್ಕೆ ಹೋದರು, ಯೂಜೀನ್ಸನ್ ಲಿಂಗ್ಡೋ ಕೋಲ್ಕತ್ತಕ್ಕೆ ಹೋದರು. ಮರುವರ್ಷ, ಆರಂಭದಿಂದಲೂ ರಕ್ಷಣಾ ಸಾಲಿನಲ್ಲಿ ನಿಂತಿದ್ದ ಇಂಗ್ಲೆಂಡಿನ ಜಾನ್ ಜಾನ್ಸನ್ ಸಹ ಐದು ಋತುಗಳ ಬಳಿಕ ಬೆಂಗಳೂರು ಬಿಟ್ಟರು. ಇವೆಲ್ಲವನ್ನೂ ದ್ರೋಹವೆಂದು ಕರೆಯುವುದು ನ್ಯಾಯವಲ್ಲ. ಅಗಲುವಿಕೆ ಆಟದ ಒಂದು ಭಾಗವೇ ಆಗಿದೆ.

ಆದ್ದರಿಂದ ನನ್ನ ತಕರಾರು ಬಿಟ್ಟುಕೊಡುವುದರ ಬಗ್ಗೆ ಅಲ್ಲ, ಬಿಟ್ಟುಕೊಡುವ ರೀತಿಯ ಬಗ್ಗೆ. ಜಗಳೂರಿನ ಬಯಲುಸೀಮೆಯ ರೈತನನ್ನು ನೋಡಿ. ಮಳೆ ಕೈಕೊಟ್ಟು, ಮೇವು ಮುಗಿದು, ಹತ್ತು ವರ್ಷ ಉಳುಮೆ ಮಾಡಿದ ಎತ್ತನ್ನು ಮಾರಲೇಬೇಕಾದ ದಿನ ಬಂದಾಗ ಅವನು ಅದರ ಮೈ ತೊಳೆಯುತ್ತಾನೆ, ಹಣೆಗೆ ಕುಂಕುಮ ಇಡುತ್ತಾನೆ, ಮನೆಯವರು ಬಂದು ಹಿಡಿ ಜೋಳ ತಿನ್ನಿಸಿ ಕಣ್ಣೊರೆಸಿಕೊಳ್ಳುತ್ತಾರೆ. ಮಾರಾಟವೇನೋ ನಡೆಯುತ್ತದೆ. ಅದೂ ವ್ಯವಹಾರವೇ. ಆದರೆ ವ್ಯವಹಾರವೆಂಬ ಕಾರಣಕ್ಕೆ ಆ ರೈತ ಎತ್ತಿನ ಋಣವನ್ನು ಮರೆಯುವುದಿಲ್ಲ. ಮೂಕಪ್ರಾಣಿಗೆ ಸಲ್ಲುವಷ್ಟು ಮರ್ಯಾದೆಯೂ ಕೋಟಿ ಕೋಟಿ ವಹಿವಾಟಿನ ಹರಾಜಿನಲ್ಲಿ ಮನುಷ್ಯನಿಗೆ ಸಲ್ಲದಿದ್ದರೆ, ಅದನ್ನು ಬುದ್ಧಿವಂತಿಕೆ ಎಂದು ಹೇಗೆ ಕರೆಯೋಣ?

ಬಾರದ ಫೋನ್ ಕರೆ

ಯಜುವೇಂದ್ರ ಚಾಹಲ್ 2014ರಿಂದ 2021ರವರೆಗೆ ಎಂಟು ಋತುಗಳು ಬೆಂಗಳೂರಿಗಾಗಿ ಆಡಿದರು. ಬೌಂಡರಿ ಗೆರೆ ಹತ್ತಿರವಿರುವ, ಬ್ಯಾಟುಗಾರರ ಸ್ವರ್ಗವೆಂದೇ ಹೆಸರಾದ ಚಿನ್ನಸ್ವಾಮಿ ಮೈದಾನದಲ್ಲಿ ಲೆಗ್‌ಸ್ಪಿನ್ ಹಾಕುವುದೆಂದರೆ ಸುಮ್ಮನೆ ಮಾತಲ್ಲ. ಅಂಥಲ್ಲಿ ಆಡುತ್ತಲೇ ಅವರು ತಂಡಕ್ಕೆ 139 ವಿಕೆಟ್ ತಂದುಕೊಟ್ಟರು. 2022ರ ಹರಾಜಿಗೆ ಮುನ್ನ ತಂಡ ಅವರನ್ನು ಬಿಟ್ಟಿತು. 2023ರ ಒಂದು ಸಂದರ್ಶನದಲ್ಲಿ ಚಾಹಲ್ ತಮ್ಮ ನೋವನ್ನು ತೋಡಿಕೊಂಡರು. ತಮ್ಮನ್ನು ಬಿಟ್ಟದ್ದಕ್ಕಿಂತ ಹೆಚ್ಚಾಗಿ, ಆ ಬಗ್ಗೆ ಒಂದು ಫೋನ್ ಕರೆಯೂ ಬರಲಿಲ್ಲ ಎಂಬುದು ಅವರ ಅಳಲಾಗಿತ್ತು. ಆಡಳಿತದವರ ವಿವರಣೆ ಬೇರೆಯೇ ಇರಬಹುದು. ಆದರೆ ಎಂಟು ವರ್ಷ ದುಡಿದವನ ಮನಸ್ಸಿನಲ್ಲಿ ಕೊನೆಗೆ ಉಳಿದದ್ದು ಬಾರದ ಒಂದು ಕರೆಯ ನೆನಪು ಎಂಬುದನ್ನು ಯಾವ ವಿವರಣೆಯೂ ಅಳಿಸಲಾರದು.

ಅದಕ್ಕೂ ಮೊದಲು ಕ್ರಿಸ್ ಗೇಲ್ ಅವರಿಗೂ ಹೀಗೆಯೇ ಆಗಿತ್ತು. 2013ರ ಏಪ್ರಿಲ್ 23ರಂದು ಪುಣೆ ತಂಡದ ವಿರುದ್ಧ ಅವರು ಹೊಡೆದ ಅಜೇಯ 175 ರನ್ನುಗಳನ್ನು ನಮ್ಮ ಮಕ್ಕಳು ಇಂದಿಗೂ ಬಾಯಿಪಾಠ ಒಪ್ಪಿಸುತ್ತಾರೆ. 2018ರ ಹರಾಜಿಗೆ ಮುನ್ನ, ನಿಮ್ಮನ್ನು ಉಳಿಸಿಕೊಳ್ಳುತ್ತೇವೆ ಎಂದು ಹೇಳಿದವರು ಮತ್ತೆ ಕರೆ ಮಾಡಲೇ ಇಲ್ಲ ಎಂದು ಗೇಲ್ ಆ ವರ್ಷವೇ ಹೇಳಿಕೊಂಡರು. ಹರಾಜಿನಲ್ಲಿ ಎರಡು ಸಲ ಅವರನ್ನು ಕೇಳುವವರೇ ಇರಲಿಲ್ಲ. ಮೂರನೆಯ ಸುತ್ತಿನಲ್ಲಿ ಪಂಜಾಬ್ ತಂಡ ಮೂಲಬೆಲೆಯಾದ 2 ಕೋಟಿ ರೂಪಾಯಿಗೆ ಕೊಂಡಿತು. ನಾಲ್ಕು ವರ್ಷಗಳ ಬಳಿಕ, 2022ರಲ್ಲಿ, ಬೆಂಗಳೂರು ತಂಡ ತನ್ನ ಗೌರವ ಪಟ್ಟಿಗೆ ಗೇಲ್ ಮತ್ತು ಎಬಿ ಡಿವಿಲಿಯರ್ಸ್ ಅವರ ಹೆಸರುಗಳನ್ನು ಸೇರಿಸಿತು. 2023ರಲ್ಲಿ ಅವರ ಅಂಗಿಗಳ ಸಂಖ್ಯೆಯನ್ನು ಇನ್ನಾರಿಗೂ ಕೊಡುವುದಿಲ್ಲವೆಂದು ಘೋಷಿಸಿತು. ಇದು ಒಳ್ಳೆಯ ಕೆಲಸವೇ ಸರಿ, ಮೆಚ್ಚೋಣ. ಆದರೆ ಅಂದು ಕೊಡಬೇಕಿದ್ದ ಮಾತನ್ನು ಇಂದು ಕೊಟ್ಟ ಹಾರ ತುಂಬಿಕೊಡುತ್ತದೆಯೇ?

ಇನ್ನೂ ಹಿಂದೆ ಹೋದರೆ ನಮ್ಮವರೇ ಆದ ರಾಹುಲ್ ದ್ರಾವಿಡ್ ಇದ್ದಾರೆ. 2008ರಲ್ಲಿ ಈ ತಂಡದ ಮೊದಲ ನಾಯಕರಾಗಿದ್ದವರು ಅವರು. 2011ರಲ್ಲಿ ತಂಡ ಉಳಿಸಿಕೊಂಡದ್ದು ಕೊಹ್ಲಿ ಒಬ್ಬರನ್ನೇ. ದ್ರಾವಿಡ್ ರಾಜಸ್ಥಾನದ ಪಾಲಾದರು. ಆಗ ಇಪ್ಪತ್ತೆರಡರ ಹರೆಯದಲ್ಲಿದ್ದ ಕೊಹ್ಲಿಯವರನ್ನು ಉಳಿಸಿಕೊಂಡದ್ದು ದೂರದೃಷ್ಟಿಯ ತೀರ್ಮಾನವೆಂದು ಇಂದು ಎಲ್ಲರೂ ಒಪ್ಪುತ್ತಾರೆ. ತೀರ್ಮಾನ ಸರಿಯಿದ್ದರೂ, ತವರಿನ ಹಿರಿಯ ಆಟಗಾರ ಪರವೂರಿನ ಬಣ್ಣ ತೊಟ್ಟು ಚಿನ್ನಸ್ವಾಮಿಗೆ ಅತಿಥಿಯಾಗಿ ಬಂದಾಗ ನಮ್ಮಲ್ಲಿ ಅನೇಕರಿಗೆ ಗಂಟಲು ಕಟ್ಟಿತ್ತೆಂಬುದೂ ಸುಳ್ಳಲ್ಲ.

“ಬಿಸಿನೆಸ್” ವಾದಿಗಳಿಗೆ ನಾನು ಕೇಳುವ ಪ್ರಶ್ನೆ ಇದು. ಈ ತಂಡಗಳು ಮಾರುತ್ತಿರುವ ಸರಕು ಯಾವುದು? ಸೋಪೇ? ಸಿಮೆಂಟೇ? ಅವು ಮಾರುತ್ತಿರುವುದು ನಿಷ್ಠೆಯನ್ನು. ಚನ್ನಗಿರಿಯ ಅಡಿಕೆ ತೋಟದ ಕೂಲಿಯ ಮಗ ತನ್ನ ವಾರದ ಸಂಬಳದಲ್ಲಿ ಅಂಗಿ ಕೊಳ್ಳುವುದು ಅದರ ಬಟ್ಟೆ ಚೆನ್ನಾಗಿದೆಯೆಂದಲ್ಲ. ತಾನು ಆ ತಂಡದವನು, ಆ ತಂಡ ತನ್ನದು ಎಂಬ ಭಾವನೆಯಿಂದ. ಹದಿನೇಳು ವರ್ಷ ಕಪ್ ಬಾರದಿದ್ದರೂ “ಈ ಸಲ ಕಪ್ ನಮ್ದೇ” ಎಂದು ಕೂಗುತ್ತಲೇ ಬಂದ ಅಭಿಮಾನಿಯಿಂದ ಈ ತಂಡಗಳು ನಿರೀಕ್ಷಿಸಿದ್ದು ಲೆಕ್ಕಾಚಾರವನ್ನಲ್ಲ, ಸೆಂಟಿಮೆಂಟನ್ನೇ. ಅಭಿಮಾನಿಯ ಕಡೆಯಿಂದ ಪಡೆಯುವಾಗ ಪವಿತ್ರವಾದದ್ದು, ಆಟಗಾರನಿಗೆ ಕೊಡುವಾಗ ಮಾತ್ರ ಮೂರ್ಖತನವಾಗುವುದು ಹೇಗೆ? ನಿಷ್ಠೆಯನ್ನು ಬಂಡವಾಳ ಮಾಡಿಕೊಂಡವರು ನಿಷ್ಠೆಗೆ ಬೆಲೆಯಿಲ್ಲ ಎನ್ನುವುದು ವ್ಯಾಪಾರದ ನೀತಿಯೂ ಅಲ್ಲ.

ಗೆದ್ದ ಮೇಲೆ ಏನು ಮಾತು?

ಇಲ್ಲಿ ನನ್ನ ಎದುರಾಳಿಗಳು ನಗುತ್ತಾರೆಂದು ಬಲ್ಲೆ. ಸಿರಾಜ್ ಅವರನ್ನು ಬಿಟ್ಟ ಮುಂದಿನ ಋತುವಿನಲ್ಲೇ, 2025ರ ಜೂನ್ 3ರಂದು, ಅಹಮದಾಬಾದಿನಲ್ಲಿ ಪಂಜಾಬ್ ತಂಡವನ್ನು 6 ರನ್ನುಗಳಿಂದ ಸೋಲಿಸಿ ಬೆಂಗಳೂರು ಮೊತ್ತಮೊದಲ ಬಾರಿಗೆ ಕಪ್ ಗೆದ್ದಿತು. “ನೋಡಿದಿರಾ? ಭಾವನೆ ಬದಿಗಿಟ್ಟರು, ಗೆದ್ದರು” ಎನ್ನುತ್ತಾರೆ. ಒಪ್ಪುತ್ತೇನೆ. ಆಟದ ದೃಷ್ಟಿಯಿಂದ ಆ ತೀರ್ಮಾನ ಸರಿಯಾಗಿತ್ತೆಂದೇ ಇಟ್ಟುಕೊಳ್ಳೋಣ. ಆದರೆ ಒಬ್ಬನಿಗೆ ಗೌರವದಿಂದ ವಿದಾಯ ಹೇಳಿದ್ದರೆ ಆ 6 ರನ್ನುಗಳ ಗೆಲುವು ತಪ್ಪಿಹೋಗುತ್ತಿತ್ತೇ? ಒಂದು ಕರೆಯಿಂದ ಹರಾಜಿನ ಹಣ ಕಡಿಮೆಯಾಗುತ್ತಿತ್ತೇ? ಗೆಲುವನ್ನೂ ಮರ್ಯಾದೆಯನ್ನೂ ಒಂದಕ್ಕೊಂದು ಶತ್ರುಗಳೆಂಬಂತೆ ಎದುರುಬದುರು ನಿಲ್ಲಿಸುವುದೇ ಈ ವಾದದ ಮೋಸ.

ಅದೇ ಕಪ್ಪಿನ ಮರುದಿನ, ಜೂನ್ 4ರಂದು, ತಮ್ಮ ತಂಡವನ್ನು ಕಣ್ತುಂಬಿಕೊಳ್ಳಲು ಬಂದಿದ್ದ ಹನ್ನೊಂದು ಜನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಹೆಚ್ಚಿನವರು ಎಳೆಯರು. ಆ ಮನೆಗಳ ದುಃಖವನ್ನು ನನ್ನ ವಾದಕ್ಕೆ ಸಾಕ್ಷಿಯಾಗಿ ಎಳೆದು ತರುವ ಹಕ್ಕು ನನಗಿಲ್ಲ. ಆದರೆ ಆ ದಿನದ ನಂತರವೂ “ಇದೆಲ್ಲ ಬರಿ ಬಿಸಿನೆಸ್” ಎಂದು ಯಾರಾದರೂ ಹೇಳಿದರೆ ನನಗೆ ಸಹಿಸಲಾಗುವುದಿಲ್ಲ. ವ್ಯಾಪಾರದ ಅಂಗಡಿಯ ಮುಂದೆ ಯಾರೂ ಹಾಗೆ ಹೋಗಿ ನಿಲ್ಲುವುದಿಲ್ಲ.

ಇನ್ನೊಂದು ವಾದವೂ ಉಂಟು. “ಕೋಟಿ ಕೋಟಿ ಪಡೆದವರಿಗೆ ಏನು ಕಣ್ಣೀರು?” ಎಂದು ಕೇಳುವವರಿದ್ದಾರೆ. ಸಿರಾಜ್ ಅವರನ್ನು ಗುಜರಾತ್ ತಂಡ 12.25 ಕೋಟಿ ರೂಪಾಯಿ ಕೊಟ್ಟು ಕೊಂಡಿತು. ಅವರು ಬಡವಾಗಲಿಲ್ಲ, ನಿಜ. ಆದರೆ ಸಂಬಳ ಕೆಲಸದ ಬೆಲೆಯೇ ಹೊರತು ಮನುಷ್ಯನ ಮರ್ಯಾದೆಯ ಬೆಲೆಯಲ್ಲ. ಹಣ ಪಡೆದವನಿಗೆ ನೋವಾಗಬಾರದು ಎಂದು ವಾದಿಸುವವರು, ನಾಳೆ ತಮ್ಮ ಕಚೇರಿಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾಗುವ ದಿನ ಯಾರೂ ಬಂದು ಕೈಕುಲುಕದಿದ್ದರೆ, ಸಂಬಳದ ಚೀಟಿ ನೋಡಿಕೊಂಡು ಸಮಾಧಾನಪಟ್ಟುಕೊಳ್ಳುತ್ತಾರೆಯೇ?

2025ರ ಏಪ್ರಿಲ್ 2ರಂದು ಸಿರಾಜ್ ಗುಜರಾತಿನ ಅಂಗಿ ತೊಟ್ಟು ಚಿನ್ನಸ್ವಾಮಿಗೆ ಮರಳಿದರು. 19 ರನ್ ಕೊಟ್ಟು 3 ವಿಕೆಟ್ ಪಡೆದರು, ಪಂದ್ಯದ ಶ್ರೇಷ್ಠ ಆಟಗಾರರಾದರು. ಏಳು ವರ್ಷ ಆಡಿದ ಮೈದಾನಕ್ಕೆ ಎದುರಾಳಿಯಾಗಿ ಬಂದಾಗ ಮನಸ್ಸು ಭಾರವಾಗಿತ್ತು ಎಂದು ಅವರೇ ಹೇಳಿದರು. ಹಿಂದಿನ ನವೆಂಬರಿನಲ್ಲಿ ಬೆಂಗಳೂರಿನ ಅಭಿಮಾನಿಗಳಿಗೆ ಕೃತಜ್ಞತೆ ಹೇಳಿ ವಿದಾಯದ ಮಾತು ಬರೆದವರೂ ಅವರೇ. ಬಿಟ್ಟವರಿಗಿಂತ ಬಿಡಿಸಿಕೊಂಡವರೇ ಮರ್ಯಾದೆಯ ಪಾಠ ಕಲಿಸಬೇಕಾಗಿ ಬಂದದ್ದು ಇದೇ ಮೊದಲಲ್ಲ.

ನಾವು ಮೊದಲೇ ಕೈಬಿಟ್ಟಿದ್ದೆವು

ಇಷ್ಟರವರೆಗೆ ಓದಿದ ಅಭಿಮಾನಿ ಮಿತ್ರರು ತಲೆದೂಗಿರಬಹುದು. ತಪ್ಪೆಲ್ಲ ಮಾಲೀಕರದ್ದು ಎಂದುಕೊಂಡಿರಬಹುದು. ಈಗ ಕನ್ನಡಿಯನ್ನು ನಮ್ಮ ಕಡೆಗೇ ತಿರುಗಿಸೋಣ.

ಸಿರಾಜ್ ಹೈದರಾಬಾದಿನ ಆಟೋ ಚಾಲಕರೊಬ್ಬರ ಮಗ. 2019ರಲ್ಲಿ ಅವರ ಆಟ ಕುಸಿದಾಗ, “ಕ್ರಿಕೆಟ್ ಬಿಟ್ಟು ಅಪ್ಪನ ಜೊತೆ ಆಟೋ ಓಡಿಸಲು ಹೋಗು” ಎಂದು ಜನರು ತಮಗೆ ಹೇಳುತ್ತಿದ್ದರೆಂದು ಅವರು ಮುಂದೆ ನೆನಪಿಸಿಕೊಂಡಿದ್ದಾರೆ. ಮರುವರ್ಷ, 2020ರಲ್ಲಿ, ಅಬುಧಾಬಿಯಲ್ಲಿ ಕೋಲ್ಕತ್ತ ತಂಡದ ವಿರುದ್ಧ ಕೇವಲ 8 ರನ್ ಕೊಟ್ಟು 3 ವಿಕೆಟ್ ಪಡೆದಾಗ ಅದೇ ಜನ ಅವರನ್ನು ಹೊತ್ತು ಮೆರೆಸಿದರು. ಆ ವರ್ಷದ ನವೆಂಬರಿನಲ್ಲಿ ಅವರು ಆಸ್ಟ್ರೇಲಿಯಾದಲ್ಲಿದ್ದಾಗ ತಂದೆ ತೀರಿಕೊಂಡರು. ಮಗ ಅಲ್ಲಿಯೇ ಉಳಿದು, ಬ್ರಿಸ್ಬೇನಿನಲ್ಲಿ ಒಂದೇ ಇನಿಂಗ್ಸಿನಲ್ಲಿ 5 ವಿಕೆಟ್ ಪಡೆದು, ಸರಣಿ ಗೆಲ್ಲಲು ನೆರವಾದಾಗ ನಾವೆಲ್ಲ ಕಣ್ಣೀರು ಹಾಕಿದೆವು. 2022ರ ಐಪಿಎಲ್‌ನಲ್ಲಿ ಅವರ ಎಸೆತಗಳಿಗೆ 31 ಸಿಕ್ಸರುಗಳು ಬಿದ್ದಾಗ ಮತ್ತೆ ಅದೇ ಬೈಗುಳ, ಅದೇ ಅಪಹಾಸ್ಯ. 2023ರಲ್ಲಿ 19 ವಿಕೆಟ್ ಪಡೆದಾಗ ಮತ್ತೆ ಜಯಕಾರ.

ಹೀಗಿರುವಾಗ 2024ರ ಅಕ್ಟೋಬರ್ 31ರಂದು ಅವರನ್ನು ಕೈಬಿಟ್ಟವರು ಯಾರು? ಮಾಲೀಕರು ಒಂದು ಸಲ ಬಿಟ್ಟರು. ನಾವು ಪ್ರತಿ ಸೋಲಿನ ರಾತ್ರಿಯೂ ಬಿಟ್ಟಿದ್ದೆವು. ಅಪ್ಪನ ಆಟೋವನ್ನು ಬೈಗುಳವಾಗಿ ಬಳಸಿದ ಕೈಗಳೇ ಇಂದು “ನಮ್ಮ ಸಿರಾಜನನ್ನು ಬಿಟ್ಟರಲ್ಲಾ” ಎಂದು ಎದೆ ಬಡಿದುಕೊಂಡರೆ ಆ ಕೋಪಕ್ಕೆ ತೂಕವೆಲ್ಲಿಂದ ಬರಬೇಕು? ಆಟೋ ಓಡಿಸಿ ಮಕ್ಕಳನ್ನು ಓದಿಸುವ ತಂದೆಯರು ನಮ್ಮ ಧರ್ಮಕೇಂದ್ರಗಳಲ್ಲೂ ಇದ್ದಾರೆ. ಆ ಬೈಗುಳ ಅವರ ಮೈಮೇಲೂ ಬಿದ್ದಿತೆಂದು ನಮ್ಮ ಯುವಕರಿಗೆ ಹೊಳೆಯಲಿಲ್ಲವೇ?

ಅಭಿಮಾನ ಎಂಬ ಪದವನ್ನು ನಾವು ಬಹಳ ಅಗ್ಗ ಮಾಡಿದ್ದೇವೆ. ಗೆದ್ದಾಗ ಮಾತ್ರ ಜೊತೆಯಲ್ಲಿರುವುದು ಅಭಿಮಾನವಲ್ಲ, ಅದು ಬಾಜಿ ಕಟ್ಟುವವನ ಲೆಕ್ಕ. ನಿಜವಾದ ಅಭಿಮಾನಿಯ ಕೋಪಕ್ಕೆ ಬೆಲೆಯುಂಟು ಎಂಬುದಕ್ಕೆ ದೂರದ ರೋಮ್ ನಗರದ ಒಂದು ಉದಾಹರಣೆ ನೋಡೋಣ. ಡ್ಯಾನಿಯೆಲೆ ಡಿ ರೋಸಿ ಅದೇ ಊರಿನಲ್ಲಿ ಹುಟ್ಟಿ, ಎ.ಎಸ್. ರೋಮಾ ಫುಟ್‌ಬಾಲ್ ತಂಡಕ್ಕಾಗಿ 616 ಪಂದ್ಯಗಳನ್ನು ಆಡಿದವರು. 2019ರ ಮೇ ತಿಂಗಳಲ್ಲಿ, ಅವರ ಒಪ್ಪಂದವನ್ನು ಮುಂದುವರಿಸುವುದಿಲ್ಲವೆಂದು ತಂಡ ಹೇಳಿತು. ಇನ್ನೊಂದು ವರ್ಷ ಆಡುವ ಆಸೆ ಡಿ ರೋಸಿಯವರಿಗಿತ್ತು. ಅಭಿಮಾನಿಗಳು ತಂಡದ ತರಬೇತಿ ಮೈದಾನದ ಮುಂದೆ ಸೇರಿ ಪ್ರತಿಭಟಿಸಿದರು. ತೀರ್ಮಾನ ಬದಲಾಗಲಿಲ್ಲ. ಆದರೆ ಆ ತಿಂಗಳ 26ರಂದು ತುಂಬಿದ ಕ್ರೀಡಾಂಗಣ ಅವರನ್ನು ಬೀಳ್ಕೊಟ್ಟಿತು. ನಾಲ್ಕು ವರ್ಷಗಳ ಹಿಂದೆ, 2015ರ ಜುಲೈನಲ್ಲಿ, ಸ್ಪೇನಿನ ರಿಯಲ್ ಮ್ಯಾಡ್ರಿಡ್ ತಂಡದ ಗೋಲ್‌ಕೀಪರ್ ಇಕರ್ ಕಸಿಯಾಸ್ ಬಾಲ್ಯದಿಂದ ಇಪ್ಪತ್ತೈದು ವರ್ಷ ಕಳೆದ ಕ್ಲಬ್ಬನ್ನು ಬಿಡುವಾಗ, ಪತ್ರಕರ್ತರೆದುರು ಒಂಟಿಯಾಗಿ ಕುಳಿತು, ಅಳುತ್ತಾ ತಮ್ಮ ಪತ್ರ ಓದಿದ್ದರು. ಆ ದೃಶ್ಯಕ್ಕೆ ಎಲ್ಲೆಡೆಯಿಂದ ಖಂಡನೆ ಬಂದ ಮೇಲೆ, ಮರುದಿನವೇ ಕ್ಲಬ್ಬಿನ ಅಧ್ಯಕ್ಷರು ಜೊತೆಗೆ ನಿಂತು ಇನ್ನೊಂದು ಬೀಳ್ಕೊಡುಗೆ ಏರ್ಪಡಿಸಬೇಕಾಯಿತು. ಅಭಿಮಾನಿಗಳ ದನಿ ತೀರ್ಮಾನವನ್ನು ಬದಲಿಸದಿರಬಹುದು, ರೀತಿಯನ್ನು ಬದಲಿಸಬಲ್ಲದು. ಆದರೆ ನಿನ್ನೆಯವರೆಗೆ ಬೈದವನ ದನಿಗೆ ಆ ಶಕ್ತಿ ಇರುವುದಿಲ್ಲ.

ಮರಳಿ ಗೆದ್ದವರು, ಮರಳದವರು

ಕೈಬಿಟ್ಟವರು ಮರಳಿ ಎದ್ದುನಿಂತ ಕಥೆಗಳೆಂದರೆ ನಮಗೆ ಬಲು ಇಷ್ಟ. ಕರುಣ್ ನಾಯರ್ ಕರ್ನಾಟಕಕ್ಕಾಗಿ 2015ರ ರಣಜಿ ಫೈನಲ್‌ನಲ್ಲಿ 328 ರನ್ ಹೊಡೆದವರು, 2016ರಲ್ಲಿ ಇಂಗ್ಲೆಂಡ್ ವಿರುದ್ಧ ಚೆನ್ನೈ ಟೆಸ್ಟಿನಲ್ಲಿ ಅಜೇಯ 303 ಗಳಿಸಿದವರು. 2022ರಲ್ಲಿ ಅವರಿಗೆ ಕರ್ನಾಟಕ ತಂಡದಲ್ಲೇ ಜಾಗವಿಲ್ಲದಾಯಿತು. ಆ ಡಿಸೆಂಬರಿನಲ್ಲಿ ಅವರು ಕ್ರಿಕೆಟ್ಟನ್ನೇ ಉದ್ದೇಶಿಸಿ ಇನ್ನೊಂದು ಅವಕಾಶ ಕೊಡೆಂದು ಸಾರ್ವಜನಿಕವಾಗಿ ಬೇಡಿಕೊಂಡರು. ವಿದರ್ಭ ಅವರನ್ನು ಕರೆದುಕೊಂಡಿತು. 2024–25ರ ವಿಜಯ್ ಹಜಾರೆ ಟೂರ್ನಿಯಲ್ಲಿ 779 ರನ್, ಅದೇ ಋತುವಿನ ರಣಜಿ ಫೈನಲ್‌ನಲ್ಲಿ 86 ಮತ್ತು 135. ವಿದರ್ಭ ರಣಜಿ ಗೆದ್ದಿತು. ಭಾರತ ಟೆಸ್ಟ್ ತಂಡಕ್ಕೂ ಅವರು 2025ರಲ್ಲಿ ಮರಳಿದರು. ಬಳಿಕ ಕರ್ನಾಟಕವೂ ಅವರನ್ನು ಬರಮಾಡಿಕೊಂಡಿತು. ಆ ಅಕ್ಟೋಬರಿನಲ್ಲಿ, ನ್ಯಾಮತಿ ಹೊನ್ನಾಳಿಗಳಿಂದ ಬೆಳಿಗ್ಗೆ ಬಸ್ ಹತ್ತಿ ಸಂಜೆ ಮರಳಬಹುದಾದ ಶಿವಮೊಗ್ಗದ ನವುಲೆ ಮೈದಾನದಲ್ಲಿ, ಗೋವಾ ವಿರುದ್ಧ ಅವರು ಅಜೇಯ 174 ಹೊಡೆದರು. ಸಿರಾಜ್ ಸಹ 2025ರ ಆಗಸ್ಟ್ 4ರಂದು ಲಂಡನ್ನಿನ ಓವಲ್‌ನಲ್ಲಿ ಭಾರತಕ್ಕೆ 6 ರನ್ನುಗಳ ಗೆಲುವು ತಂದುಕೊಟ್ಟು, ಆ ಸರಣಿಯಲ್ಲಿ 23 ವಿಕೆಟ್ ಪಡೆದರು.

ಈ ಕಥೆಗಳನ್ನು ಕೇಳಿ ಸಂತೋಷಪಡೋಣ. ಆದರೆ ಇವುಗಳಲ್ಲೂ ಒಂದು ಅಪಾಯ ಅಡಗಿದೆ. ಮರಳಿ ಗೆದ್ದವನಿಗೆ ಮಾತ್ರ ಮರ್ಯಾದೆ ಎಂಬ ಪಾಠವನ್ನು ಅವು ಗುಟ್ಟಾಗಿ ಕಲಿಸುತ್ತವೆ. ಕರುಣ್ ಆ 779 ರನ್ ಹೊಡೆಯದಿದ್ದರೆ ಅವರನ್ನು ಹಾಗೆ ಕೈಬಿಟ್ಟದ್ದು ಸರಿಯಾಗಿಬಿಡುತ್ತಿತ್ತೇ? ಮರಳಿ ಬರಲಾರದವರು, ನಿಜಕ್ಕೂ ವಯಸ್ಸಾದವರು, ಮೊಣಕಾಲು ಸವೆದವರು, ಅವರೇ ಹೆಚ್ಚು. ಅವರ ಪಾಲಿನ ಗೌರವ ಅವರು ಆಡಿದ ದಿನಗಳಿಂದಲೇ ಬಂದಿದೆ. ಮುಂದೆ ಆಡಿ ತೋರಿಸಿ ಅದನ್ನು ಮತ್ತೊಮ್ಮೆ ಸಂಪಾದಿಸಬೇಕಾಗಿಲ್ಲ.

ಇದಕ್ಕೆ ಬೆಂಗಳೂರಿನತ್ತ ನೋಡಬೇಕಾಗಿಲ್ಲ, ನಮ್ಮ ಜಿಲ್ಲೆಯವರೇ ಇದ್ದಾರೆ. ದಾವಣಗೆರೆಯಲ್ಲಿ ಹುಟ್ಟಿ, ‘ದಾವಣಗೆರೆ ಎಕ್ಸ್‌ಪ್ರೆಸ್’ ಎಂದು ನಾಡೆಲ್ಲ ಕರೆಸಿಕೊಂಡ ಆರ್. ವಿನಯ್ ಕುಮಾರ್ 2013–14 ಮತ್ತು 2014–15ರಲ್ಲಿ, ಸತತ ಎರಡು ವರ್ಷ, ಕರ್ನಾಟಕಕ್ಕೆ ರಣಜಿ ಟ್ರೋಫಿ, ಇರಾನಿ ಕಪ್, ವಿಜಯ್ ಹಜಾರೆ ಟ್ರೋಫಿ ಮೂರನ್ನೂ ಗೆದ್ದುಕೊಟ್ಟ ನಾಯಕ. 2017ರ ಡಿಸೆಂಬರಿನಲ್ಲಿ ನಾಗಪುರದಲ್ಲಿ ಮುಂಬೈ ವಿರುದ್ಧ ಹ್ಯಾಟ್ರಿಕ್ ಪಡೆದಾಗ ಅವರಿಗೆ ಮೂವತ್ತಮೂರು ವರ್ಷ. 2019ರಲ್ಲಿ ಅವರು ತಾವಾಗಿಯೇ ಕರ್ನಾಟಕವನ್ನು ಬಿಟ್ಟು ಪುದುಚೇರಿ ತಂಡ ಸೇರಿದರು. 2021ರ ಫೆಬ್ರವರಿಯಲ್ಲಿ ಆಟಕ್ಕೇ ವಿದಾಯ ಹೇಳಿದರು. ಯಾರೂ ಹೊರದೂಡುವ ಮೊದಲೇ ಎದ್ದುನಿಂತು ಕಿರಿಯರಿಗೆ ಜಾಗ ಬಿಡುವುದೂ ಹಿರಿಯ ಆಟಗಾರನ ಧರ್ಮವೇ. ಅವರು ತಮ್ಮ ಪಾಲಿನದನ್ನು ಮಾಡಿದರು. ಆದರೆ ಅವರು ಹೊರಟುಹೋದ ಆ ವರ್ಷ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಲ್ಲಿ ನಮ್ಮಲ್ಲಿ ಎಷ್ಟು ಜನ ಅದನ್ನು ಗಮನಿಸಿದೆವು? ನಾನಂತೂ ಗಮನಿಸಲಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಮಾತು ತುಂಗಭದ್ರೆಯ ದಡದವರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಮ್ಮ ಮೈದಾನಗಳ ಮಾತು

ಕೊನೆಗೆ ನಾನೂ ಪಾಲುದಾರನಾದ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಬೇಸಿಗೆಯಲ್ಲಿ ನಮ್ಮ ಕಡೆ ನಡೆಯುವ ಟೆನಿಸ್ ಬಾಲ್ ಟೂರ್ನಮೆಂಟುಗಳನ್ನು ನೀವೆಲ್ಲ ಬಲ್ಲಿರಿ. ನನಗೆ ಪರಿಚಯವಿದ್ದ ತಂಡವೊಂದರಲ್ಲಿ ಹಿರಿಯನೊಬ್ಬ ಹದಿನೆಂಟು ವರ್ಷ ವಿಕೆಟ್ ಹಿಂದೆ ನಿಂತಿದ್ದ. ಬ್ಯಾಟು, ಸ್ಟಂಪು, ಗ್ಲೌಸುಗಳ ಚೀಲ ಇರುತ್ತಿದ್ದುದು ಅವನ ಮನೆಯಲ್ಲಿ. ಪಂದ್ಯದ ದಿನ ನಸುಕಿನಲ್ಲೆದ್ದು ಮೈದಾನಕ್ಕೆ ಸುಣ್ಣದ ಗೆರೆ ಹಾಕುತ್ತಿದ್ದವನೂ ಅವನೇ. ಒಂದು ವರ್ಷ ಬಹುಮಾನದ ಹಣ ದೊಡ್ಡದಾಯಿತು. ದುಡ್ಡು ಕೊಟ್ಟು ಹೊರಗಿನಿಂದ ಆಟಗಾರರನ್ನು ಕರೆಸಿದರು. ತನ್ನ ಜಾಗ ಹೋಯಿತೆಂದು ಅವನಿಗೆ ತಿಳಿದದ್ದು ಬಸ್ ನಿಲ್ದಾಣದ ಬಳಿ ಕಟ್ಟಿದ್ದ ಫ್ಲೆಕ್ಸ್ ನೋಡಿ. ಹನ್ನೊಂದು ಮುಖಗಳಲ್ಲಿ ಅವನ ಮುಖವಿರಲಿಲ್ಲ. ಅದೇ ಫ್ಲೆಕ್ಸಿನ ಕೆಳಗೆ, ಸಹಾಯ ಮಾಡಿದವರ ಸಾಲಿನಲ್ಲಿ, ನನ್ನ ಹೆಸರಿತ್ತು.

ಅವನು ಜಗಳವಾಡಲಿಲ್ಲ. ಚೀಲವನ್ನು ತಂದು ನಾಯಕನ ಮನೆಯ ಜಗುಲಿಯ ಮೇಲಿಟ್ಟು ಹೋದ. ಮತ್ತೆಂದೂ ಮೈದಾನಕ್ಕೆ ಬರಲಿಲ್ಲ. ಎಷ್ಟೋ ದಿನಗಳ ಮೇಲೆ ನಾನು ಅಳುಕುತ್ತಲೇ ವಿಷಯವೆತ್ತಿದಾಗ ಹೇಳಿದ: “ನನ್ನನ್ನ ಆಡ್ಸಬೇಕಿತ್ತು ಅಂತ ಅಲ್ಲ ಅಣ್ಣ, ಕೀಪಿಂಗ್ ಮಾಡಕ್ಕೆ ನನ್ ಕೈಲೂ ಆಗ್ತಿರ್ಲಿಲ್ಲ. ಮನಿಗ್ ಬಂದು ಒಂದ್ ಮಾತು ಹೇಳಿದ್ರೆ ಆ ಹುಡುಗ್ರಿಗೆ ನಾನೇ ಸುಣ್ಣ ಹಾಕಿ ಕೊಡ್ತಿದ್ದೆ.” ಕೋಟಿಗಳ ಹರಾಜಿನಲ್ಲಿ ಚಾಹಲ್‌ಗೆ ಬೇಕಿದ್ದದ್ದೂ, ನಮ್ಮೂರ ಧೂಳಿನ ಮೈದಾನದಲ್ಲಿ ಇವನಿಗೆ ಬೇಕಿದ್ದದ್ದೂ ಒಂದೇ ಮಾತು. ಅದಕ್ಕೆ ಒಂದು ಪೈಸೆಯೂ ಖರ್ಚಾಗುತ್ತಿರಲಿಲ್ಲ.

ದೊಡ್ಡ ತಂಡಗಳ ಮಾಲೀಕರು ಈ ಪುಟ್ಟ ಮಾಸಿಕವನ್ನು ಓದುವುದಿಲ್ಲ. ಆದರೂ ಅವರಿಂದ ಕೇಳಬೇಕಾದುದನ್ನು ಕೇಳುವ ಹಕ್ಕು ಅಂಗಿ ಕೊಂಡವರಿಗೆ ಇದೆ: ಬಿಡುವ ಸುದ್ದಿ ಟಿವಿಗಿಂತ ಮೊದಲು ಆಟಗಾರನಿಗೆ ತಲುಪಲಿ, ಐದಾರು ವರ್ಷ ದುಡಿದವನಿಗೆ ಅಭಿಮಾನಿಗಳ ಮುಂದೆ ಕೈಬೀಸಿ ಹೋಗುವ ಒಂದು ಸಂಜೆ ಸಿಗಲಿ, ಅವನ ಹೆಸರು ತಂಡದ ಗೋಡೆಯ ಮೇಲೆ ನಾಲ್ಕು ವರ್ಷ ತಡವಾಗಿ ಅಲ್ಲ, ಅಂದೇ ಬರಲಿ.

ನಮ್ಮ ಕೈಯಲ್ಲೇ ಇರುವ ಕೆಲಸಗಳಿಗಂತೂ ಯಾರ ಅಪ್ಪಣೆಯೂ ಬೇಡ. ಪ್ರಿಯ ತಂದೆತಾಯಿಯರೇ, ಸೋಲಿನ ರಾತ್ರಿ ನಿಮ್ಮ ಮಗ ಫೋನಿನಲ್ಲಿ ಯಾವ ಆಟಗಾರನ ಬಗ್ಗೆ ಏನು ಬರೆಯುತ್ತಿದ್ದಾನೆಂದು ಒಮ್ಮೆ ಕೇಳಿ ನೋಡಿ. ಊರ ತಂಡಗಳ ನಾಯಕರೇ, ಮುಂದಿನ ಟೂರ್ನಮೆಂಟಿಗೆ ಫ್ಲೆಕ್ಸ್ ಬರೆಸುವ ಮೊದಲು, ಈ ಬಾರಿ ಯಾರ ಮುಖ ಅದರಲ್ಲಿ ಇರುವುದಿಲ್ಲವೋ ಅವರ ಮನೆಗೆ ಹೋಗಿ ಒಂದು ಲೋಟ ಟೀ ಕುಡಿದು ಬನ್ನಿ. ಇನ್ನು ಅಂದು ಅಂಗಳದಲ್ಲಿ ನಿಂತಿದ್ದ ಆ ಹುಡುಗನಿಗೆ, ನಾನು ಆಗ ಹೇಳದೆ ಹೋದ ಮಾತು ಇಷ್ಟೇ: ತಮ್ಮಾ, ಆ ಅಂಗಿಯನ್ನು ಎಸೆಯಬೇಡ. ಬೆನ್ನ ಮೇಲಿನ ಆ ಹೆಸರಿನಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ನಾಚಿಕೆಪಡಬೇಕಾದವರು ನಿನ್ನನ್ನು ಛೇಡಿಸಿದವರು, ಮತ್ತು ಪಕ್ಕದಲ್ಲೇ ನಿಂತು ಸುಮ್ಮನಿದ್ದ ನಾನು.